ವಾಸಿಯಾಗಬಾರದ ಗಾಯ

ತಿರುಮಲೇಶನಿಗೆ ವರ್ಗವಾದ ದಿನವೇ ಚಂದ್ರಮೌಳಿಯ ಕಾಲು ಸುಟ್ಟಿತು. ಎರಡಕ್ಕೂ ಸಂಬಂಧ ಇತ್ತು. ವಿಶಾಖಪಟ್ಟಣದ ಶಾಖೆಗೆ ಬಂದು ಇನ್ನೂ ಎರಡು ವರ್ಷ ತುಂಬದ ತಿರುಮಲೇಶ, ಬೆನ್ನುನೋವು ಅಂತ ಒಂದು ಸರ್ಟಿಫಿಕೇಟು ಕೊಟ್ಟು ಕೋಲಾರಕ್ಕೆ ವರ್ಗ ಮಾಡಿಸಿಕೊಂಡಿದ್ದ. ಆ ಖುಷಿಗೆ ಶಾಖೆಯವರಿಗೆಲ್ಲ ಬೀಚ್ ರೋಡಿನ ಹೋಟೆಲಿನಲ್ಲಿ ಮಧ್ಯಾಹ್ನದ ಊಟ. ಊಟ ಮುಗಿದ ಮೇಲೆ ಆ ನೋಯುವ ಬೆನ್ನನ್ನು ಬಗ್ಗಿಸಿ ಬಳುಕಿಸಿ ತೆಲುಗು ಹಾಡೊಂದಕ್ಕೆ ಕುಣಿದೂ ಬಿಟ್ಟ. ವಾಪಸು ಬರುವಾಗ ಚಂದ್ರಮೌಳಿ ಕೂತದ್ದು ಅವನ ಬೈಕಿನ ಹಿಂದೆ. ಬ್ಯಾಂಕಿನ ಮುಂದೆ ಇಳಿಯುವಾಗ, ಹೊಟ್ಟೆಯೊಳಗಿನ ಉರಿಯಲ್ಲಿ ಕಾಲೆಲ್ಲಿದೆ ಅಂತ ನೋಡದೆ, ಬಲಗಾಲಿನ ಮೀನಖಂಡವನ್ನು ಸೈಲೆನ್ಸರಿಗೆ ಒತ್ತಿಬಿಟ್ಟ.

ಚಂದ್ರಮೌಳಿ ವಿಶಾಖಪಟ್ಟಣಕ್ಕೆ ಬಂದು ಐದು ವರ್ಷವಾಗಿತ್ತು. ಊರು ಚೆನ್ನಾಗಿಯೇ ಇತ್ತು. ಸಮುದ್ರ ಇತ್ತು, ಗಾಳಿ ಇತ್ತು, ಎಂವಿಪಿ ಕಾಲನಿಯಲ್ಲಿ ಒಳ್ಳೆಯ ಬಾಡಿಗೆ ಮನೆ ಇತ್ತು. ಇಲ್ಲದ್ದು ಕಮಲಾಕ್ಷಿ. ಅವನ ಹೆಂಡತಿ ಕಮಲಾಕ್ಷಿ ತಿಪಟೂರಿನಲ್ಲಿ ಎಂಟು ಜನ ಹೆಂಗಸರನ್ನು ಇಟ್ಟುಕೊಂಡು ಹಪ್ಪಳ ಮಾಡಿಸುತ್ತಿದ್ದಳು. ತುಮಕೂರು, ಹಾಸನದ ಅಂಗಡಿಗಳಲ್ಲಿ ಅವಳ ಹಪ್ಪಳ ಅಂದರೆ ಹೆಸರು. ನೀನೇ ಇಲ್ಲಿಗೆ ಬಂದುಬಿಡು ಅಂತ ಒಮ್ಮೆ ಕೇಳಿದ್ದಕ್ಕೆ, ನಿಮ್ಮೂರ ಗಾಳಿಯಲ್ಲಿ ಉಪ್ಪಿದೆ, ಅಲ್ಲಿ ಹಪ್ಪಳ ಗರಿಗರಿ ನಿಲ್ಲೋಲ್ಲ, ನೀವೇ ಬನ್ನಿ ಅಂದಿದ್ದಳು. ಅದಾದ ಮೇಲೆ ಅವನು ವರ್ಗಕ್ಕೆ ನಾಲ್ಕು ಅರ್ಜಿ ಹಾಕಿದ್ದ. ನಾಲ್ಕಕ್ಕೂ ವಿಜಯವಾಡದ ವಲಯ ಕಚೇರಿಯಿಂದ ಒಂದೇ ಉತ್ತರ ಬಂದಿತ್ತು: ಪರಿಶೀಲಿಸಲಾಗುವುದು. ಅವನಿಗೆ ಮನೆ ಬೇಕಾಗಿತ್ತು. ಸಂಜೆ ಬ್ಯಾಂಕಿನಿಂದ ಬಂದರೆ ಮಾತಾಡಲು ಒಬ್ಬಳು ಹೆಂಡತಿ ಬೇಕಾಗಿತ್ತು. ಇದು ಅತಿಯಾಸೆ ಅಂತ ಯಾರೂ ಹೇಳಲಾರರು ಅನ್ನುವುದು ಅವನ ವಾದ.

ಸುಟ್ಟ ಗಾಯ ಅಂಗೈ ಅಗಲ ಇತ್ತು. ಸ್ವಲ್ಪ ಸಕ್ಕರೆ ಕಾಯಿಲೆ ಇದ್ದದ್ದರಿಂದ ಎರಡು ವಾರವಾದರೂ ಒಣಗಲಿಲ್ಲ. ತಡವಾದರೂ ವಾಸಿಯಾಗುತ್ತೆ ಬಿಡಿ ಅಂತ ಬೀದಿಯ ಡಾಕ್ಟರು ಧೈರ್ಯ ಹೇಳಿದಾಗ ಚಂದ್ರಮೌಳಿಗೆ ಯಾಕೋ ಬೇಜಾರಾಯಿತು. ಅವತ್ತು ಬ್ಯಾಂಕಿಗೆ ಹೋಗಿ ವರ್ಗಾವಣೆಯ ನಿಯಮಗಳನ್ನು ಇನ್ನೊಮ್ಮೆ ಓದಿದ. ಸರಿಯಾದ ಚಿಕಿತ್ಸೆ ಕೊಟ್ಟರೂ ಗುಣವಾಗದ, ಮನೆಯವರ ಆರೈಕೆ ಬೇಕೇ ಬೇಕಾದ ತೊಂದರೆ ಇದ್ದರೆ ನೌಕರನನ್ನು ಸ್ವಂತ ಊರಿನ ಹತ್ತಿರಕ್ಕೆ ಹಾಕತಕ್ಕದ್ದು. ಹಾಕಬಹುದು ಅಂತಲ್ಲ, ಹಾಕತಕ್ಕದ್ದು. ತಿರುಮಲೇಶನ ಬೆನ್ನನ್ನು ಯಾರೂ ಕಣ್ಣಲ್ಲಿ ನೋಡಲಾಗುವುದಿಲ್ಲ. ಇದಾದರೋ ಕಣ್ಣಿಗೆ ಕಾಣುವ ಗಾಯ, ಅಳೆದು ಬರೆದಿಡಬಹುದು. ಇದು ಗುಣವಾಗದೆ ಉಳಿದರೆ ಸಾಕು ಅಂತ ಅವನಿಗೆ ಹೊಳೆಯಿತು.

ಆದರೆ ಬರೀ ಗುಣವಾಗದಿದ್ದರೆ ಸಾಲದು. ಸಾಧಾರಣ ಮುಲಾಮಿಗೆ ಬಗ್ಗದಿದ್ದರೆ ವಲಯ ಕಚೇರಿಯವರು ಬೇರೆ ಡಾಕ್ಟರನ್ನು ನೋಡಿ ಅಂದುಬಿಡುತ್ತಾರೆ. ಇರುವುದರಲ್ಲಿ ಎಲ್ಲಕ್ಕಿಂತ ಹೊಸ, ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆಯೂ ಸೋತಿತು ಅಂತ ದೊಡ್ಡ ಡಾಕ್ಟರೇ ಬರೆದುಕೊಟ್ಟರೆ? ಆಗ ಬಾಯಿ ಬಿಡುವವರಿಲ್ಲ. ಅದೇ ವಾರ, ವಾಸಿಯಾಗದೆ ಹಟ ಮಾಡುವ ಗಾಯಗಳ ಮೇಲೆ ಹೊಸ ಬಗೆಯ ಪಟ್ಟಿಯೊಂದನ್ನು ಪರೀಕ್ಷೆ ಮಾಡುತ್ತಿದ್ದೇವೆ, ಗಾಯವುಳ್ಳವರು ಬನ್ನಿ ಎಂದು ವಿಜಯವಾಡದ ಆಸ್ಪತ್ರೆಯೊಂದು ಪೇಪರಿನಲ್ಲಿ ಹಾಕಿತು. ಚಂದ್ರಮೌಳಿ ಆ ತುಂಡನ್ನು ಕತ್ತರಿಸಿ ಜೇಬಿಗಿಟ್ಟುಕೊಂಡ.

ಆಸ್ಪತ್ರೆ ಆಟೋನಗರ್‌ನ ಪಕ್ಕದಲ್ಲಿತ್ತು. ಬೆಂಚಿನ ಮೇಲೆ ಕೂತವರಲ್ಲಿ ಮುಕ್ಕಾಲು ಪಾಲು ಲಾರಿ ರಿಪೇರಿಯವರು, ವೆಲ್ಡಿಂಗ್‌ನವರು. ಅವರ ಕೈಕಾಲಿನ ಗಾಯಗಳ ಮುಂದೆ ತನ್ನದು ಏನೂ ಅಲ್ಲ ಅನ್ನಿಸಿ ಚಂದ್ರಮೌಳಿಗೆ ಕೊಂಚ ನಾಚಿಕೆಯಾಯಿತು. ಪರೀಕ್ಷೆ ನಡೆಸುತ್ತಿದ್ದವರು ಡಾಕ್ಟರ್ ಸಾಯಿಪ್ರಿಯಾ ಎಂಬ ಮೂವತ್ತೈದರ ಹೆಣ್ಣುಮಗಳು. ಬಳ್ಳಾರಿಯಲ್ಲಿ ಓದಿದವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಮೂರು ವರ್ಷ ಹಗಲಿರುಳು ಕೂತು ಮಾಡಿದ ಪಟ್ಟಿ ಇದು ಅಂತ ಹೇಳುವಾಗ ಅವರ ಮುಖ ಅರಳುತ್ತಿತ್ತು.

ಪಟ್ಟಿ ಅಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕಡು ಹಸಿರು ಬಣ್ಣದ, ಮೆತ್ತಗಿನ ಚೌಕ. ಅದರೊಳಗೆ ನೈಟ್ರಿಕ್ ಆಕ್ಸೈಡ್ ಅನ್ನುವ ಗಾಳಿಯನ್ನು ಕೂಡಿಹಾಕಿದ್ದಾರೆ. ನಮ್ಮ ಮೈಯೂ ಅದನ್ನು ಚೂರುಪಾರು ತಯಾರಿಸಿಕೊಳ್ಳುತ್ತದಂತೆ. ಅದು ರಕ್ತನಾಳಗಳನ್ನು ಹಿಗ್ಗಿಸಿ ಗಾಯಕ್ಕೆ ರಕ್ತ ಹರಿಸುತ್ತದೆ, ಕ್ರಿಮಿಗಳನ್ನು ಓಡಿಸುತ್ತದೆ. ಬೆಳಕು ಬಿದ್ದಾಗ ಮಾತ್ರ ಪಟ್ಟಿ ಆ ಗಾಳಿಯನ್ನು ಹೊರಗೆ ಬಿಡುವುದು. ಅದಕ್ಕೆಂದೇ ನೀಲಿ ಬೆಳಕಿನ ಒಂದು ಪುಟ್ಟ ದೀಪ ಕೊಡುತ್ತಾರೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಗಾಯದ ಮೇಲೆ ಹಿಡಿಯಬೇಕು. ಎರಡು ದಿನಕ್ಕೆ ಪಟ್ಟಿಯೊಳಗಿನ ಗಾಳಿ ಖಾಲಿಯಾಗಿ ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಆಗ ಅದನ್ನು ತೆಗೆದು, ನಂಬರು ಇರುವ ಕಪ್ಪು ಕವರಿನಲ್ಲಿ ಹಾಕಿ ಅಂಟಿಸಿ, ಹೊಸದನ್ನು ಹಚ್ಚಿಕೊಳ್ಳಬೇಕು. ಒಟ್ಟು ಆರು ವಾರ, ಇಪ್ಪತ್ತೊಂದು ಪಟ್ಟಿ. ಬಳಸಿದ್ದನ್ನೆಲ್ಲ ಆಸ್ಪತ್ರೆಗೆ ಹಿಂದಿರುಗಿಸಬೇಕು. ನಡುವೆ ನೋಡಿದರೆ ಮನಸ್ಸು ಒಂದು ಕಡೆಗೆ ವಾಲುತ್ತದೆಂದು, ಯಾವ ಕವರನ್ನೂ ಆರು ವಾರ ಮುಗಿಯುವವರೆಗೆ ಅವರು ಬಿಚ್ಚುವುದಿಲ್ಲ.

ಚಂದ್ರಮೌಳಿ ತೀರಾ ಮುಗ್ಧನಾಗಿ ಒಂದು ಪ್ರಶ್ನೆ ಕೇಳಿದ.

“ಅಕಸ್ಮಾತ್ ಬೆಳಕು ಬೀಳದೆ ಇದ್ರೆ ಏನಾಗುತ್ತೆ, ಡಾಕ್ಟ್ರೇ?”

“ಬೆಳಕು ಬೀಳದೆ ಇದ್ರೆ ಅದು ಬರೀ ಹಸಿರು ಬಟ್ಟೆ, ಚಂದ್ರಮೌಳಿಗಾರೂ,” ಅಂದು ಅವರು ನಕ್ಕರು.

ಅವನೂ ನಕ್ಕ. ನರ್ಸು ಗಾಯದ ಮೇಲೆ ಮೊದಲ ಪಟ್ಟಿಯಿಟ್ಟು ನಾಲ್ಕೂ ಕಡೆ ಪ್ಲಾಸ್ಟರ್ ಒತ್ತಿ ಹೇಗೆ ಹಚ್ಚಬೇಕೆಂದು ತೋರಿಸಿಕೊಟ್ಟಳು. ವಿಶಾಖಪಟ್ಟಣದ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ರಾಜಮಂಡ್ರಿ ಮುಟ್ಟುವಷ್ಟರಲ್ಲಿ ಅವನ ತಲೆಯಲ್ಲಿ ಇಡೀ ಯೋಜನೆ ಸಿದ್ಧವಾಗಿತ್ತು. ಕೆಳಗೆ ಗೋದಾವರಿ ಅಗಲವಾಗಿ ಹರಿಯುತ್ತಿತ್ತು. ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಬ್ಯಾಂಕಿನಲ್ಲಿ ಚಂದ್ರಮೌಳಿಯ ಕೆಲಸ ಕಾಗದಪತ್ರ ಪರಿಶೀಲನೆ. ಸುಳ್ಳು ಸಹಿ, ಸುಳ್ಳು ದಾಖಲೆ, ಸುಳ್ಳು ವಿಳಾಸ, ಎಲ್ಲವನ್ನೂ ಇಪ್ಪತ್ತು ವರ್ಷದಿಂದ ಹಿಡಿಯುತ್ತ ಬಂದಿದ್ದ. ಸಿಕ್ಕಿಬಿದ್ದವರನ್ನೆಲ್ಲ ನೆನೆಸಿಕೊಂಡರೆ ಅವರಲ್ಲಿ ಒಂದೇ ದೋಷ ಕಾಣುತ್ತಿತ್ತು. ಸೋಮಾರಿಗಳು. ಮುಕ್ಕಾಲು ಕೆಲಸ ಮಾಡಿ ಕಾಲು ಭಾಗವನ್ನು ದೇವರ ಮೇಲೆ ಬಿಟ್ಟವರು. ತಾನು ಆ ತಪ್ಪು ಮಾಡುವವನಲ್ಲ. ಮಾಡುವ ಮೋಸವನ್ನು ಶ್ರದ್ಧೆಯಿಂದ, ಅಚ್ಚುಕಟ್ಟಾಗಿ ಮಾಡಬೇಕು.

ಮೊದಲು ಕತ್ತಲು. ಹಳೇ ಕೊಡೆಯ ಕಪ್ಪು ಬಟ್ಟೆಯನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಮೀನಖಂಡದ ಸುತ್ತ ಸುತ್ತುವ ಹಾಗೆ ಒಂದು ತೋಳು ಹೊಲಿದುಕೊಂಡ. ಸೂಜಿಯಲ್ಲಿ ತಾನೇ ಹೊಲಿದ. ದರ್ಜಿಯ ಹತ್ತಿರ ಹೋದರೆ ಸಾಕ್ಷಿ ಹುಟ್ಟುತ್ತದೆ. ಅದರ ಮೇಲೆ ಪ್ಯಾಂಟು. ಪಟ್ಟಿ ಬದಲಾಯಿಸುವುದು ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಕೈ ತಡವಿಕೊಂಡು. ಮೊದಲ ಸಲ ಪಟ್ಟಿಯನ್ನು ಗಾಯ ಬಿಟ್ಟು ಮೊಣಕಾಲಿಗೆ ಅಂಟಿಸಿಕೊಂಡಿದ್ದ. ಮೂರನೆಯ ಸಲಕ್ಕೆ ಕೈ ಪಳಗಿತು.

ಆಮೇಲೆ ದೀಪ. ದೀಪ ಎಷ್ಟು ನಿಮಿಷ ಉರಿಯಿತು ಅನ್ನುವುದನ್ನು ಅದೇ ಲೆಕ್ಕ ಇಟ್ಟು ಫೋನಿನ ಮೂಲಕ ಆಸ್ಪತ್ರೆಗೆ ಕಳಿಸುತ್ತಿತ್ತು. ಹಾಗಾಗಿ ಉರಿಸಲೇಬೇಕು. ಬೆಳಿಗ್ಗೆ ಆರೂವರೆಗೆ ಇಪ್ಪತ್ತು ನಿಮಿಷ, ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ, ಅಡುಗೆಮನೆಯ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ದೀಪ ಉರಿಸಿಟ್ಟು ಅವನು ಕಾಫಿ ಕುಡಿಯುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಆ ಗೋಡೆಗೇನಾದರೂ ಗಾಯವಿದ್ದಿದ್ದರೆ ಎಂದೋ ವಾಸಿಯಾಗಿ ಹೋಗಿರುತ್ತಿತ್ತು.

ಗಾಯ ಹಟ ಹಿಡಿಯಲಿ ಎಂದು ಇನ್ನೊಂದು ತ್ಯಾಗವನ್ನೂ ಮಾಡಬೇಕಾಯಿತು. ಸಿಹಿ ತಿನ್ನುವುದು. ಐದು ವರ್ಷದಿಂದ ಮುಟ್ಟದ ಕಾಕಿನಾಡ ಕಾಜಾ, ಪೂತರೇಕುಲು ಎಲ್ಲ ಮನೆಗೆ ಬಂದವು. ಆಸ್ಪತ್ರೆಗೆ ಹೋಗುವ ಎರಡು ದಿನ ಮುಂಚೆ ನಿಲ್ಲಿಸಿ ಬರೀ ರಾಗಿ ಅಂಬಲಿ ಕುಡಿದರೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹದವಾಗಿಯೇ ಕಾಣುತ್ತಿತ್ತು. ಹೆಂಡತಿಯ ಹತ್ತಿರ ಇರಬೇಕಾದರೆ ಇಷ್ಟಾದರೂ ಕಷ್ಟಪಡಬೇಡವೇ ಅಂದುಕೊಂಡು ಅವನು ಇನ್ನೊಂದು ಕಾಜಾ ಬಾಯಿಗಿಟ್ಟುಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಣ್ಣ. ಕತ್ತಲಲ್ಲಿದ್ದ ಪಟ್ಟಿ ತೆಗೆದಾಗಲೂ ಕಡು ಹಸಿರಾಗಿಯೇ ಇರುತ್ತದೆ. ಹಾಗೇ ಕವರಿಗೆ ಹಾಕಿದರೆ ಕೊನೆಯ ದಿನ ಬಂಡವಾಳ ಬಯಲು. ಸೋಮಾರಿಯಾದವನು ಇಲ್ಲಿಯೇ ಸಿಕ್ಕಿಬೀಳುವುದು. ತೆಗೆದ ಪಟ್ಟಿಯನ್ನು ದೀಪದ ಮುಂದಿಟ್ಟರೆ ಹಸಿರು ಹೋಗಲು ಎರಡು ದಿನ ಬೇಕು, ಕಾಯುತ್ತ ಕೂರಬೇಕು. ಸೂರ್ಯ ಇರುವಾಗ ಆ ಕಷ್ಟ ಯಾಕೆ? ಅದೂ ಏಪ್ರಿಲ್ ತಿಂಗಳ ವಿಶಾಖಪಟ್ಟಣದ ಸೂರ್ಯ.

ಬಿಸಿಲಿಗೆ ಹಾಕುವುದರಲ್ಲಿ ಚಂದ್ರಮೌಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಪ್ಪಳದ ಮನೆಯ ಯಜಮಾನ. ರಜಕ್ಕೆ ಹೋದಾಗಲೆಲ್ಲ ಕಮಲಾಕ್ಷಿ ಅವನನ್ನು ಮಹಡಿಗೆ ಅಟ್ಟುತ್ತಿದ್ದಳು. ಹರಡುವುದು, ಮಗುಚುವುದು, ಸುರುಟಿದ್ದನ್ನು ನೀವುವುದು ಎಲ್ಲ ಅವಳ ಬೈಗುಳದ ಜೊತೆ ಕಲಿತದ್ದು. ಪಟ್ಟಿಯನ್ನು ತೊಳೆಯದೆ, ಅಂಟಿದ್ದ ಪ್ಲಾಸ್ಟರನ್ನು ನಯವಾಗಿ ಬಿಡಿಸಿ, ಹಳೇ ಬಿಳಿ ಪಂಚೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗೊಂದು ಬೆಣಚುಕಲ್ಲು ಇಟ್ಟ. ಗಂಟೆಗೊಮ್ಮೆ ಕಲ್ಲುಗಳ ಜಾಗ ಬದಲಾಯಿಸಿದ. ಹನ್ನೊಂದಕ್ಕೆ ಇಟ್ಟದ್ದು ಎರಡಕ್ಕೆಲ್ಲ ಒಣಹುಲ್ಲಿನ ಬಣ್ಣಕ್ಕೆ ಬಂತು. ಏನು ಚೆಂದ, ಒಂದು ಕಲೆಯಿಲ್ಲ. ಬ್ಯಾಂಕು ಇರುವ ದಿನ ಬೆಳಿಗ್ಗೆಯೇ ಇಟ್ಟು, ಊಟದ ಬಿಡುವಿನಲ್ಲಿ ಓಡಿಬಂದು ಕಲ್ಲು ಸರಿಸಿ, ಸಂಜೆ ಎತ್ತಿಡುತ್ತಿದ್ದ.

ಮಹಡಿಯಲ್ಲಿ ಅವನೊಬ್ಬನೇ ಇರಲಿಲ್ಲ. ಕೆಳಗಿನ ಮನೆಯ ಒಡತಿ ವಿಜಯಲಕ್ಷ್ಮೀಗಾರು ಅದೇ ಬಿಸಿಲಿಗೆ ಮಾಗಾಯಿ ಉಪ್ಪಿನಕಾಯಿಗೆ ಮಾವಿನ ಹೋಳು ಹರಡುತ್ತಿದ್ದರು. ಹಸಿರು ಚೌಕ ಏನದು ಅಂತ ಕೇಳಿದ್ದಕ್ಕೆ, ಕಾಲಿನ ಔಷಧಿ, ಬಿಸಿಲು ಕಾಣಿಸಿದ ಮೇಲೆ ಆಸ್ಪತ್ರೆಗೆ ವಾಪಸು ಕೊಡಬೇಕು ಅಂದ. ಅಪರಾಧ ಮಾಡುವಾಗಲೂ ಆದಷ್ಟು ನಿಜವನ್ನೇ ಹೇಳಬೇಕು ಅನ್ನುವುದು ಅವನ ಸಿದ್ಧಾಂತ. ಅವರು ನಂಬಿದರು, ಪಾಪ, ಅವನ ಪಂಚೆಗೂ ಕಣ್ಣಿಟ್ಟು ಕಾಗೆ ಓಡಿಸುತ್ತಿದ್ದರು.

ಆದರೂ ಒಂಬತ್ತನೆಯ ಪಟ್ಟಿಯನ್ನು ಕಾಗೆ ಎತ್ತಿಕೊಂಡು ಹೋಯಿತು. ಭಾನುವಾರ, ಹನ್ನೆರಡರ ಬಿಸಿಲು. ಒಂದು ಪಟ್ಟಿ ಕಡಿಮೆಯಾದರೂ ಡಾಕ್ಟರು ಸರ್ಟಿಫಿಕೇಟು ಕೊಡುವುದಿಲ್ಲ. ಚಂದ್ರಮೌಳಿ ಹಿಂದುಮುಂದು ನೋಡದೆ ಪಕ್ಕದ ಮಹಡಿಗೆ ಹಾರಿದ, ಅಲ್ಲಿಂದ ಇನ್ನೊಂದಕ್ಕೆ ಹಾರಿದ, ನೀರಿನ ಟ್ಯಾಂಕು ಹತ್ತಿ ಕಾಗೆಗೆ ತನ್ನ ಚಪ್ಪಲಿ ಬೀಸಿ ಒಂಬತ್ತನೆಯದನ್ನು ಬಿಡಿಸಿಕೊಂಡು ಬಂದ. ಏದುಸಿರು ಬಿಡುತ್ತ ವಾಪಸು ಇಳಿದರೆ ಮುಂದೆ ವಿಜಯಲಕ್ಷ್ಮೀಗಾರು ನಿಂತಿದ್ದರು. ಬ್ಯಾಂಕಿಗೆ ಕುಂಟುತ್ತ ಹೋಗುವವರು ಇವರೇನಾ ಅನ್ನುವಂತೆ ಅವನ ಕಾಲನ್ನೇ ನೋಡಿದರು. ಅವನು ಆಗ ತಕ್ಷಣ ನೆನಪಿಸಿಕೊಂಡು ಕುಂಟಿದ. ತಪ್ಪು ಕಾಲು. ಸಂಜೆ ಅವರು ಒಂದು ಬಟ್ಟಲು ಹೊಸ ಉಪ್ಪಿನಕಾಯಿ ಕಳಿಸಿಕೊಟ್ಟರು. ಅವರಿಗೆ ಅನುಮಾನ ಬಂದಿಲ್ಲ ಅಂತ ಅವನು ತೀರ್ಮಾನ ಮಾಡಿದ. ಕಾಗೆ ಕುಕ್ಕಿದ ತೂತು ಮಾತ್ರ ಉಳಿಯಿತು. ಅದು ಪ್ಲಾಸ್ಟರ್ ಕೀಳುವಾಗ ಆದದ್ದು ಅಂತ ಹೇಳಲು ಒಂದು ವಾಕ್ಯವನ್ನು ಸಿದ್ಧಮಾಡಿಟ್ಟುಕೊಂಡ.

ಎರಡು ವಾರಕ್ಕೊಮ್ಮೆ, ಬ್ಯಾಂಕಿಗೆ ರಜ ಇರುವ ಶನಿವಾರ, ವಿಜಯವಾಡಕ್ಕೆ ಹೋಗಬೇಕಿತ್ತು. ಆ ದಿನ ಕಾಲಿನ ಮೇಲಿರುವ ಪಟ್ಟಿಯನ್ನು ನರ್ಸೇ ಬಿಚ್ಚುತ್ತಾಳೆ, ಅದು ಹಸಿರಾಗಿದ್ದರೆ ಮುಗಿಯಿತು. ಅದಕ್ಕೂ ಅವನು ಉಪಾಯ ಮಾಡಿದ್ದ. ಹೊರಡುವ ಬೆಳಿಗ್ಗೆ ಕೊಡೆಬಟ್ಟೆ ತೆಗೆದಿಟ್ಟು, ಮೊದಲೇ ಬಿಸಿಲು ಕಂಡ ಪಟ್ಟಿಯೊಂದನ್ನು ಗಾಯದ ಮೇಲೆ ಹಚ್ಚಿ, ಹೊಸ ಪ್ಲಾಸ್ಟರ್ ಒತ್ತಿ ರೈಲು ಹತ್ತುತ್ತಿದ್ದ. ನರ್ಸು ಬಿಚ್ಚುವಾಗ ಅದು ಎಲ್ಲರದರಂತೆ ಒಣಹುಲ್ಲಿನ ಬಣ್ಣದಲ್ಲಿರುತ್ತಿತ್ತು. ಅವಳಿಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಮುಖ ಕೂಡ ನೋಡದೆ ಕವರಿಗೆ ಹಾಕಿ ಅಂಟಿಸಿ, ಮುಂದಿನವರನ್ನು ಕರೆಯುತ್ತಿದ್ದಳು.

ಗಾಯ ಯೋಜನೆಗೆ ಸರಿಯಾಗಿ ನಡೆದುಕೊಂಡಿತು. ಎರಡನೆಯ ಭೇಟಿಯ ಹೊತ್ತಿಗೆ ಆಟೋನಗರದ ವೆಲ್ಡಿಂಗ್ ಮನುಷ್ಯನ ಮೊಣಕೈ ಗಾಯ ಕಾಸಿನಷ್ಟಾಗಿತ್ತು, ಲಾರಿಯವನ ಪಾದ ಮುಚ್ಚಿಕೊಂಡಿತ್ತು. ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ನಗುತ್ತಿದ್ದರು. ಚಂದ್ರಮೌಳಿಯ ಗಾಯ ಮಾತ್ರ ಬಂದ ಹಾಗೇ ಇತ್ತು. ಡಾಕ್ಟರ್ ಸಾಯಿಪ್ರಿಯಾ ಅಳತೆಪಟ್ಟಿಯನ್ನು ಎರಡು ಸಲ ಇಟ್ಟು ನೋಡಿದರು. ದೀಪವನ್ನು ಬಿಚ್ಚಿ ಪರೀಕ್ಷೆ ಮಾಡಿದರು, ದೀಪ ಸರಿಯಾಗಿತ್ತು. ನಿಮಿಷಗಳನ್ನು ನೋಡಿದರು, ಮೂವತ್ತು ಜನರಲ್ಲಿ ಇಷ್ಟು ನಿಯತ್ತಾಗಿ ದೀಪ ಹಿಡಿದವರು ಇನ್ನೊಬ್ಬರಿಲ್ಲ. ನಮ್ಮ ಪಟ್ಟಿಯಲ್ಲೇ ಏನೋ ತಪ್ಪಿದೆ ಅಂತ ಸಣ್ಣ ದನಿಯಲ್ಲಿ ಹೇಳಿಕೊಂಡರು. ಇಷ್ಟು ಶಿಸ್ತಿನ ರೋಗಿಯ ಮೇಲೆಯೇ ಸೋತರೆ ಮುಂದಿನ ಹಂತಕ್ಕೆ ಅನುಮತಿ ಕೇಳುವುದು ಹೇಗೆ ಅನ್ನುವುದು ಅವರ ಚಿಂತೆ.

ಚಂದ್ರಮೌಳಿಗೆ ಅಯ್ಯೋ ಪಾಪ ಅನ್ನಿಸಿತು. ಒಳ್ಳೆಯ ಹುಡುಗಿ, ಮೂರು ವರ್ಷದ ಶ್ರಮ. ಮುಂದಿನ ಸಲ ಬರುವಾಗ ಅವರಿಗೆ ಒಂದು ಡಬ್ಬಿ ಕಾಜಾ ತಂದುಕೊಟ್ಟ. ಇಪ್ಪತ್ತೊಂಬತ್ತು ಜನಕ್ಕೆ ಗುಣವಾಗಿದೆ, ಒಬ್ಬನಿಗೆ ಆಗದಿದ್ದರೆ ಆಕಾಶ ಬೀಳುತ್ತದೆಯೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಊರಿಗೆ ಹೋದ ಮೇಲೆ ಮನಸ್ಸಿಟ್ಟು ಅರಿಶಿನ ಹಚ್ಚಿ ವಾಸಿಮಾಡಿಕೊಂಡು, ಗುಣವಾಯಿತು, ನಿಮ್ಮ ಪಟ್ಟಿಯದೇ ತಡವಾದ ಪರಿಣಾಮ ಇರಬೇಕು ಅಂತ ಅವರಿಗೊಂದು ಕಾಗದ ಬರೆಯುವುದೆಂದೂ ನಿರ್ಧರಿಸಿದ. ಆ ಕಾಗದದ ಮೊದಲ ಎರಡು ಸಾಲು ರೈಲಿನಲ್ಲೇ ಹೊಳೆದಿತ್ತು.

ಮೇ ತಿಂಗಳ ನಾಲ್ಕನೆಯ ಶನಿವಾರ ಕೊನೆಯ ಭೇಟಿ. ವಲಯ ಕಚೇರಿಯಲ್ಲಿ ಅವನು ಮೊದಲೇ ವಿಚಾರಿಸಿಟ್ಟಿದ್ದ. ಡಾಕ್ಟರ ಸರ್ಟಿಫಿಕೇಟಿನ ಜೊತೆಗೆ, ಆರೈಕೆ ಮಾಡುವ ಮನೆಯವರು ಆಸ್ಪತ್ರೆಗೇ ಬಂದು ಡಾಕ್ಟರ ಎದುರಿಗೆ ಒಂದು ಫಾರಮಿಗೆ ಸಹಿ ಹಾಕಬೇಕು. ಅಷ್ಟಾದರೆ ಸೋಮವಾರ ಆದೇಶ. ತಿಪಟೂರು ಶಾಖೆಯಲ್ಲಿ ಜಾಗ ಖಾಲಿಯಿದೆ ಅನ್ನುವುದನ್ನೂ ಖಚಿತ ಮಾಡಿಕೊಂಡಿದ್ದ. ಕಮಲಾಕ್ಷಿಗೆ ಫೋನು ಮಾಡಿ ಬರಹೇಳಿದ. ಗಾಯದ ಗುಟ್ಟು ಅವಳಿಗೆ ಹೇಳಿರಲಿಲ್ಲ. ಸುಳ್ಳು ಹೇಳಬೇಕಾದರೆ ಅವಳ ಕಿವಿ ಕೆಂಪಾಗುತ್ತದೆ, ಅಂಗಡಿಯವರಿಗೆ ನಾಳೆ ಕೊಡುತ್ತೇನೆ ಅಂದರೆ ನಾಳೆಯೇ ಕೊಡುವ ಹೆಂಗಸು ಅವಳು. ಅಂಥವಳನ್ನು ಅಪರಾಧದಲ್ಲಿ ಸೇರಿಸಿಕೊಳ್ಳುವುದು ದಡ್ಡತನ. ಏನೂ ಗೊತ್ತಿಲ್ಲದವಳ ಬಾಯಿಂದ ಏನೂ ಹೊರಬೀಳುವುದಿಲ್ಲ.

ಬೆಳಗಿನ ರೈಲಿಗೆ ಕಮಲಾಕ್ಷಿ ವಿಜಯವಾಡದಲ್ಲಿ ಇಳಿದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಡಾಕ್ಟರಿಗೆಂದು ಹಪ್ಪಳದ ಕಟ್ಟು. ಅವನ ಕಾಲು ನೋಡಿ ಪ್ಲಾಟ್‌ಫಾರ್ಮಿನಲ್ಲೇ ಅವಳ ಕಣ್ಣು ತುಂಬಿತು. ಅದನ್ನು ನೋಡಿ ಚಂದ್ರಮೌಳಿಗೆ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಆಮೇಲೆ ಬೇಡ ಅನ್ನಿಸಿತು. ಎರಡು ದಿನ ತಡೆದುಕೊಂಡರೆ ಮುಂದಿನ ಇಡೀ ಜೀವನ ಹೇಳಿಕೊಂಡು ನಗಬಹುದು. ಆಟೋದಲ್ಲಿ ಕೂತು ದುರ್ಗಮ್ಮನ ಬೆಟ್ಟಕ್ಕೆ ಕೈ ಮುಗಿದಾಗ, ಗಂಡನ ಕಾಲು ಬೇಗ ವಾಸಿಯಾಗಲಿ ಅಂತ ಅವಳು ಗಟ್ಟಿಯಾಗಿಯೇ ಬೇಡಿಕೊಂಡಳು. ಸೋಮವಾರದವರೆಗೆ ತಡೆ ತಾಯಿ ಅಂತ ಅವನು ಮನಸ್ಸಿನಲ್ಲೇ ಸೇರಿಸಿದ.

ಡಾಕ್ಟರ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಬೇರೆ ರೋಗಿಗಳ ಕವರುಗಳನ್ನು ಬಿಚ್ಚಿ ಪಟ್ಟಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಕೆಲವಕ್ಕೆ ಗ್ರೀಸ್ ಕಲೆ, ಕೆಲವಕ್ಕೆ ಸುಟ್ಟ ತೂತು. ಡಾಕ್ಟರ್ ಸಾಯಿಪ್ರಿಯಾ ಬಹಳ ದಣಿದಿದ್ದರು. ಗಾಯ ಅಳೆದರು, ಬರೆದುಕೊಂಡರು, ಅಮ್ಮಾ ಕ್ಷಮಿಸಿ, ನಮ್ಮ ಕೈಲಿ ಆಗಲಿಲ್ಲ ಅಂತ ಕಮಲಾಕ್ಷಿಗೆ ಹೇಳಿದರು. ಕಮಲಾಕ್ಷಿ ಅವರ ಕೈ ಹಿಡಿದು, ನೀವೇನು ಮಾಡ್ತೀರಿ ತಾಯಿ, ಮನೆಗೆ ಬಂದರೆ ನಾನು ನೋಡ್ಕೋತೀನಿ ಅಂದು ಫಾರಮಿಗೆ ಸಹಿ ಹಾಕಿದಳು. ಚಂದ್ರಮೌಳಿ ಮುಖವನ್ನು ಆದಷ್ಟು ಬಾಡಿಸಿಕೊಂಡು ಕೂತಿದ್ದ. ಎದೆಯೊಳಗೆ ಮಾತ್ರ ನಾದಸ್ವರ. ಸರ್ಟಿಫಿಕೇಟಿನ ಹಾಳೆ ಬಂತು. ಡಾಕ್ಟರು ಪೆನ್ನು ತೆರೆದರು. ಲೆಕ್ಕಕ್ಕೆ ಇಪ್ಪತ್ತೊಂದೂ ಇವೆಯೇ ಅಂತ ಒಂದು ಸಲ ನೋಡಿಬಿಡೋಣ ಅಂದು ಅವನ ಕವರುಗಳನ್ನು ಬಿಚ್ಚಿ, ಪಟ್ಟಿಗಳನ್ನು ಮೇಜಿನ ಮೇಲೆ ಎರಡನೆಯ ಸಾಲಾಗಿ ಹರಡಿದರು. ಇಪ್ಪತ್ತೊಂದು ಇದ್ದವು. ಎಲ್ಲವೂ ಒಣಹುಲ್ಲಿನ ಬಣ್ಣ. ಒಂಬತ್ತನೆಯದರ ತೂತಿನ ಬಗ್ಗೆ ಅವರು ಕೇಳಲೂ ಇಲ್ಲ, ಸಿದ್ಧವಾಗಿದ್ದ ವಾಕ್ಯ ಬಾಯಲ್ಲೇ ಉಳಿಯಿತು. ಅವರು ಹಾಳೆಯ ಮೇಲೆ ಅವನ ಹೆಸರು ಬರೆದರು.

ಅಷ್ಟರಲ್ಲಿ ಕಮಲಾಕ್ಷಿ ಎದ್ದು ಮೇಜಿನ ಹತ್ತಿರ ಹೋಗಿ, ದಿನಕ್ಕೆ ಸಾವಿರ ಹಪ್ಪಳ ನೋಡುವ ಕಣ್ಣಿನಲ್ಲಿ ಎರಡೂ ಸಾಲನ್ನು ಒಂದು ಸಲ ನೋಡಿದಳು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದ ಹೆಮ್ಮೆ ಮೂಡಿತು. “ನೋಡಿ ಡಾಕ್ಟ್ರೇ, ಬೇರೆಯವರದ್ದೆಲ್ಲ ಸುತ್ತ ಒಂದು ಬೆರಳು ಅಂಚು ಹಸಿರಾಗೇ ಉಳಿದುಬಿಟ್ಟಿದೆ. ನಮ್ಮನೆಯವರದ್ದು ಅಂಚಿನವರೆಗೂ ಒಂದೇ ಬಣ್ಣ. ಇವರು ಹಂಗೇ, ಏನು ಮಾಡಿದ್ರೂ ಅಚ್ಚುಕಟ್ಟು,” ಅಂದಳು. ಡಾಕ್ಟರು ನಗಲು ಹೊರಟವರು ನಿಂತರು. ವೆಲ್ಡಿಂಗ್‌ನವನ ಪಟ್ಟಿಯೊಂದನ್ನು ಎತ್ತಿಕೊಂಡರು, ಚಂದ್ರಮೌಳಿಯದೊಂದನ್ನು ಎತ್ತಿಕೊಂಡರು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಆಮೇಲೆ ಟ್ರೇಯಲ್ಲಿದ್ದ ಬಿಳಿ ಪ್ಲಾಸ್ಟರಿನ ಸುರುಳಿ ತೆಗೆದು ಆ ಹಸಿರು ಅಂಚಿನ ಮೇಲಿಟ್ಟು ನೋಡಿದರು. ಅಗಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಚಂದ್ರಮೌಳಿಯ ಎದೆಯೊಳಗಿನ ನಾದಸ್ವರ ಥಟ್ಟನೆ ನಿಂತಿತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅವರ ಪಟ್ಟಿ ಸೋತಿರಲಿಲ್ಲ. ಮೊದಲ ದಿನ ಬಿಟ್ಟರೆ ಅವನ ಎದುರಿಗೆ ಅವರು ಮನಸಾರೆ ನಕ್ಕದ್ದು ಈಗಲೇ. “ಕಾಲಿನ ಮೇಲಿರೋವಾಗ ಈ ಅಂಚನ್ನ ಪ್ಲಾಸ್ಟರ್ ಮುಚ್ಚಿರುತ್ತೆ, ಚಂದ್ರಮೌಳಿಗಾರೂ. ನಿಮ್ಮ ಇಪ್ಪತ್ತೊಂದಕ್ಕೂ ಅಲ್ಲಿ ಬೆಳಕು ಬಿದ್ದದ್ದು ಹೇಗೆ?” ಅಂತ ಕೇಳಿದರು.